ಗಾಡಿ ಅಂಗಡಿಗೆ ಯೂರೋ ಬಂದ ಚಳಿಗಾಲ

ಲಾಟ್ವಿಯಾದ ಮೂಡಣ ಅಂಚಿನ ಆ ಹಳ್ಳಿಗಳಲ್ಲಿ ಜೆನೊವೆಫಾ ಅಂದರೆ ಕೆಲವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. 'ಗಾಡಿ ಅಂಗಡಿಯವಳು' ಅಂದರೆ ಸಾಕು. ಸೋವಿಯತ್ ಕಾಲದಲ್ಲಿ ಸಾಮೂಹಿಕ ಫಾರಮ್ಮಿನ ಹಾಲಿನ ಲಾರಿ ಓಡಿಸಿದವಳು. ಫಾರಮ್ಮು ಮುಚ್ಚಿದ ಮೇಲೆ ಹಳೇ ವ್ಯಾನೊಂದನ್ನು ಕೊಂಡು, ಒಳಗೆ ಹಲಗೆ ಬಡಿಸಿ, ರೈ ಬ್ರೆಡ್ಡು, ಉಪ್ಪುಮೀನು, ಸಕ್ಕರೆ, ಸೋಪು ತುಂಬಿಕೊಂಡು ಊರೂರು ಸುತ್ತತೊಡಗಿದಳು. ಬಸ್ಸು ನಿಂತುಹೋದ, ಅಂಗಡಿ ಬಾಗಿಲು ಹಾಕಿದ ಊರುಗಳು. ದಾರಿ ಕೂಡುವಲ್ಲಿ ನಿಲ್ಲಿಸಿ ಹಾರನ್ ಒತ್ತಿದರೆ ಮುದುಕ ಮುದುಕಿಯರು ಚೀಲ ಹಿಡಿದು ಬರುತ್ತಿದ್ದರು. ಗಂಡನನ್ನು ಕಳಕೊಂಡಿದ್ದ ಅವಳಿಗೆ ಅವರ ಹರಟೆಯೇ ಸಂಸಾರ.

ದೇಶ ತನ್ನ ಹಳೇ ಹಣವಾದ ಲಾಟ್ಸ್ ಬಿಟ್ಟು ಯೂರೋ ಹಿಡಿದ ಜನವರಿಯಲ್ಲಿ ಮೊದಲ ಎರಡು ವಾರ ಎರಡೂ ನಡೆಯುತ್ತಿದ್ದವು. ಲಾಟ್ಸ್ ಇಸಕೊಂಡು ಯೂರೋದಲ್ಲಿ ಚಿಲ್ಲರೆ ಕೊಡಬೇಕು. ಒಂದು ಲಾಟ್ಸಿಗೆ ಒಂದು ಯೂರೋ ನಲವತ್ತೆರಡು ಸೆಂಟು, ಹಾಗಾಗಿ ಅಂಕಿಗಳೆಲ್ಲ ದೊಡ್ಡದಾಗಿ ಕಂಡವು.

"ಪಿಂಚಣಿ ಜಾಸ್ತಿ ಆಯ್ತು ಕಣೇ!" ಎಂದು ವೆನೆರಾಂದಜ್ಜಿ ಹಿಗ್ಗಿದಳು.

"ಬ್ರೆಡ್ ಬೆಲೆ ನೋಡಜ್ಜಿ, ಅದೂ ಅಷ್ಟೇ ಉಬ್ಬಿದೆ."

"ಹಾಳಾದವಳೇ, ಒಂದು ಗಳಿಗೆ ಸಾಹುಕಾರ್ತಿ ಆಗಿರೋಕೂ ಬಿಡಲ್ಲ ನೀನು!"

ಎಲ್ಲರೂ ನಕ್ಕರು, ಇಜಿಡೋರಜ್ಜನೊಬ್ಬನನ್ನು ಬಿಟ್ಟು. ಅವನು ಹಿಂದೆ ಊರಿನ ಹಿಟ್ಟಿನ ಗಿರಣಿ ನಡೆಸಿದವನು. ಚಿಲ್ಲರೆಯನ್ನು ನೋಡದೆ ಕೋಟಿನ ಜೇಬಿಗೆ ಸುರಿದುಕೊಂಡು, "ರೂಬಲ್ ನಂಬಿ ಕೆಟ್ಟೆ. ಈಗ ಇದೊಂದು ಬಂತು. ಈ ಯೂರೋಪಿನ ತಗಡು ಯಾರಿಗೆ ಬೇಕು?" ಎಂದು ಗೊಣಗಿದ.

ವಾಯಿದೆ ಮುಗಿದ ಮೇಲೂ ಅವನು ಓಕ್ ಮರದ ಚಿತ್ರವಿದ್ದ ಐದು ಲಾಟ್ಸ್ ನೋಟನ್ನೇ ಚಾಚಿದ.

"ಇನ್ನು ಇದು ನಡೆಯಲ್ಲಜ್ಜ. ಆವತ್ತು ಕೊಟ್ಟ ಚಿಲ್ಲರೆ ಇದೆಯಲ್ಲ, ಅದನ್ನ ಕೊಡಿ."

"ಹಾಗಾದ್ರೆ ಬ್ರೆಡ್ ಬೇಡ."

"ತಗೊಂಡ್ಹೋಗಿ, ಆಮೇಲೆ ಕೊಡೋರಂತೆ."

"ನಾನೇನು ಭಿಕ್ಷೆಗೆ ನಿಂತಿಲ್ಲ!" ಎಂದವನೇ ಹಿಮ ತುಳಿಯುತ್ತ ಹೊರಟುಬಿಟ್ಟ.

ಜೆನೊವೆಫಾಳಿಗೆ ಮನಸ್ಸು ತಡೆಯಲಿಲ್ಲ. ಉಳಿದವರ ವ್ಯಾಪಾರ ಮುಗಿಸಿ, ಒಂದು ಬ್ರೆಡ್ಡು ಕಂಕುಳಲ್ಲಿ ಇರುಕಿಕೊಂಡು ಅವನ ಮನೆಗೆ ಹೋದಳು. ಅವನು ಕಿಟಕಿಯ ಬೆಳಕಿಗೆ ಕೂತು ಒಂದೊಂದೇ ನಾಣ್ಯವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದ. ಮೇಜಿನ ಮೇಲೆ ಐವತ್ತು ಸೆಂಟು, ಇಪ್ಪತ್ತು ಸೆಂಟು ಎಲ್ಲ ಒಂದೇ ಗುಡ್ಡೆಯಲ್ಲಿ ಬೆರೆತಿದ್ದವು. ಅವಳನ್ನು ಕಂಡದ್ದೇ ಗಾಬರಿಯಿಂದ ಟೋಪಿ ತೆಗೆದು ಅದರ ಮೇಲೆ ಮುಚ್ಚಿದ.

ಅವಳಿಗೆ ಅರ್ಥವಾಯಿತು. ಲಾಟ್ಸ್ ಇಷ್ಟು ವರ್ಷದ ರೂಢಿ, ಅದಕ್ಕೆ ಕಣ್ಣು ಬೇಕಿರಲಿಲ್ಲ. ಯೂರೋಪಿನ ಮೇಲಿನ ಸಿಟ್ಟೆಲ್ಲ ಕಣ್ಣು ಮಂಜಾದದ್ದನ್ನು ಮುಚ್ಚಿಕೊಳ್ಳುವುದಕ್ಕೆ.

ಏನೂ ಕಾಣದವಳಂತೆ ಸ್ಟೂಲು ಎಳೆದು ಕೂತಳು. "ಅಜ್ಜ, ನಂದೊಂದು ಪಜೀತಿ ಆಗಿದೆ. ಸಂಜೆ ಗಾಡೀಲಿ ದೀಪ ಸಾಲಲ್ಲ, ಯಾವ ನಾಣ್ಯ ಯಾವುದು ಅಂತ ತಿಳೀದೆ ಒದ್ದಾಡ್ತಿದ್ದೀನಿ. ಹಿಟ್ಟನ್ನ ಎರಡು ಬೆರಳಲ್ಲಿ ಉಜ್ಜಿ ತರಿನೋ ನಯವೋ ಹೇಳ್ತಿದ್ದ ಕೈ ನಿಮ್ದು. ಏನಾದ್ರೂ ಉಪಾಯ ಹೇಳಿಕೊಡಿ."

ಅವನು ಅನುಮಾನದಿಂದ ನೋಡಿದ. ಆಮೇಲೆ ಟೋಪಿ ಸರಿಸಿ, ಒಂದು ನಾಣ್ಯ ಎತ್ತಿ ಹೆಬ್ಬೆರಳಲ್ಲಿ ಅಂಚನ್ನು ಸವರಿದ.

"ಇದರಲ್ಲಿ ಸ್ವಲ್ಪ ದೂರ ಗೀರು, ಸ್ವಲ್ಪ ದೂರ ನುಣುಪು. ಯಾವುದಿದು?"

"ಒಂದು ಯೂರೋ."

"ಇದು? ಅಂಚಲ್ಲಿ ಅಲ್ಲಲ್ಲಿ ಕಚ್ಚು ಹಾಕಿದಾರೆ, ಹೂವಿನ ಎಸಳಿನ ಹಾಗೆ."

"ಇಪ್ಪತ್ತು ಸೆಂಟು."

ಕತ್ತಲಾಗುವ ಹೊತ್ತಿಗೆ ಅವನು ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಬೇರೆ ಮಾಡುತ್ತಿದ್ದ. "ದಡ್ಡಿ ಕಣೇ ನೀನು. ಇದಕ್ಕೆ ಕಣ್ಣೇ ಬೇಕಾಗಿಲ್ಲ."

"ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿದ್ದು?"

ಬ್ರೆಡ್ಡಿನ ದುಡ್ಡನ್ನು ತಾನೇ ಆರಿಸಿ ಅವಳ ಅಂಗೈಗೆ ಇಟ್ಟ. ಬಾಗಿಲವರೆಗೂ ಬಂದು, ದನಿ ತಗ್ಗಿಸಿ, "ನನ್ನ ಮಣ್ಣಿನ ಖರ್ಚಿಗೆ ಅಂತ ಒಂದಷ್ಟು ಲಾಟ್ಸ್ ಇಟ್ಟಿದ್ದೀನಿ. ಪೇಟೆಗೆ ಹೋಗೋವಾಗ ಕರಿ" ಎಂದ. ಅವಳ ನಾಟಕ ಅವನಿಗೆ ತಿಳಿದಿತ್ತೋ ಇಲ್ಲವೋ, ಅವಳು ಯಾವತ್ತೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಇಜಿಡೋರಜ್ಜ ಮುಂದಿನ ಸೀಟಿನಲ್ಲಿ ಕೂತು, ವೆನೆರಾಂದಜ್ಜಿ ಹಿಂದೆ ಆಲೂಗಡ್ಡೆ ಮೂಟೆಗೆ ಒರಗಿ ಪೇಟೆಗೆ ಹೋದರು. ಬ್ಯಾಂಕಿನಲ್ಲಿ ಅಜ್ಜನ ಲಾಟ್ಸ್ ಬದಲಿಸುವ ಕೆಲಸ ಸಲೀಸಾಗಿ ಮುಗಿಯಿತು. ಕ್ಯಾಂಟೀನಿನಲ್ಲಿ ಮೂವರಿಗೂ ಹಂದಿಮಾಂಸದ ಬನ್ನು, ಕಾಫಿ ಹೇಳಿದವನು ಅಜ್ಜನೇ. ಜೇಬಿನೊಳಗೇ ಬೆರಳಾಡಿಸಿ ಸರಿಯಾದ ಚಿಲ್ಲರೆ ತೆಗೆದಿಟ್ಟ. ಕೌಂಟರಿನ ಹುಡುಗಿ ತಲೆಯೆತ್ತಿಯೂ ನೋಡಲಿಲ್ಲ.

"ನಿನಗೆ ಯಾವಾಗಿನಿಂದ ಇಷ್ಟು ದೊಡ್ಡ ಕೈ ಬಂತೋ?" ಎಂದು ವೆನೆರಾಂದಜ್ಜಿ ಚುಚ್ಚಿದಳು.

"ತಿನ್ನು, ತಿನ್ನು. ಆರಿಹೋಗತ್ತೆ."

ವಾಪಸು ಬರುವಾಗ ಸಣ್ಣಗೆ ಹಿಮ ಬೀಳುತ್ತಿತ್ತು. ಹಿಂದೆ ಮುಂದೆ ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ಜೆನೊವೆಫಾ ಅವಸರ ಮಾಡದೆ ಗಾಡಿ ಓಡಿಸಿದಳು.