ಸ್ಟೌ ಅಕ್ಕ ಬೆಟ್ಟ ಹತ್ತಿದ ದಿನ

ಬೆಳಕು ಹರಿಯುವ ಮುನ್ನವೇ ಹಿಮಬೆಟ್ಟಗಳ ತಪ್ಪಲಿನ ಆ ಓಣಿಯಲ್ಲಿ ಭುಸ್ಸೆನ್ನುವ ಸದ್ದು ಏಳುತ್ತದೆ. ಮನೆಯ ಹಿಂದೆ ತಗಡಿನ ಮಾಡಿನಡಿ ಮೋಟು ಸ್ಟೂಲಿನ ಮೇಲೆ ಕುಳಿತ ಸ್ಟೌ ಅಕ್ಕ, ಅಂಗೈಯಗಲದ ಸ್ಟೌಗೆ ಗಾಳಿ ಹೊಡೆದು ಕಿವಿಗೊಟ್ಟು ಕೇಳುತ್ತಾರೆ. ಹಳದಿ ಉರಿ ನೀಲಿಗೆ ತಿರುಗುವವರೆಗೆ ಅವರ ಹುಬ್ಬಿನ ಗಂಟು ಸಡಿಲುವುದಿಲ್ಲ.

ಸೀಮೆಎಣ್ಣೆ ಸ್ಟೌ ರಿಪೇರಿ ಅಪ್ಪನಿಂದ ಬಂದ ಕಸುಬು. ಅಡುಗೆಮನೆಗಳಿಗೆ ಗ್ಯಾಸ್ ಬಂದ ಮೇಲೆ ಗಿರಾಕಿಗಳು ಹೇಳದೆ ಕೇಳದೆ ಕರಗಿಹೋದರು. ಈಗ ಬರುವವರು ಪರ್ವತಾರೋಹಿಗಳು. ಅದರಲ್ಲೂ ಕೂಲಿಯವರಿಲ್ಲದೆ, ಅಡುಗೆಯವರಿಲ್ಲದೆ, ಎಲ್ಲವನ್ನೂ ತಮ್ಮ ಬೆನ್ನಿಗೇ ಹೇರಿಕೊಂಡು ಮೇಲಿನ ಹಿಮಶಿಖರಗಳಿಗೆ ಹೊರಡುವವರು. ಅವರ ಬಳಿ ಇರುವುದು ಒಂದೇ ಸ್ಟೌ.

"ಅಲ್ಲಿ ಹಿಮ ಕರಗಿಸಿದ್ರೇನೆ ನೀರು. ಸ್ಟೌ ಕೈಕೊಟ್ರೆ ಹಿಮದ ಮಧ್ಯೇನೇ ಬಾಯಾರಿ ಸಾಯ್ಬೇಕು" ಎನ್ನುತ್ತಾರೆ ಅಕ್ಕ. ಅದಕ್ಕೇ ಎಣ್ಣೆ ಸೋರದಂತೆ ತಡೆಯುವ ಹೊಸ ರಬ್ಬರ್ ವಾಷರ್‌ಗಳ ಪೊಟ್ಟಣ ಬಂದಾಗಲೆಲ್ಲ ಒಂದನ್ನು ಎದುರಿನ ಐಸ್‌ಕ್ರೀಂ ಅಂಗಡಿಯ ಫ್ರೀಜರ್‌ನಲ್ಲಿಟ್ಟು, ಚಳಿಗೆ ಮೆತ್ತಗೇ ಉಳಿದಿದೆಯೇ ಎಂದು ಮರುದಿನ ಹಿಸುಕಿ ನೋಡುತ್ತಾರೆ.

ಕಳೆದ ತಿಂಗಳು ಒಮ್ಮೆ ಆ ಪರೀಕ್ಷೆ ತಪ್ಪಿತು. ಅಂಗಡಿಗೆ ಬೀಗ ಬಿದ್ದಿತ್ತು. ಶಿಖರಕ್ಕೆ ಹೊರಟು ಸ್ಟೌ ರಿಪೇರಿಗೆ ಕೊಟ್ಟಿದ್ದ ಅಕ್ಕತಂಗಿಯರಿಗೆ ಜೀಪು ಹೊರಡುವ ಅವಸರ. ಮೇಲೆ ಹೋಗುವವರಿಗೆ ಹೊಸದೇ ಇರಲಿ ಎಂದು ಅಕ್ಕ ಹೊಸ ಪೊಟ್ಟಣದ ವಾಷರ್ ಹಾಕಿ ಕೊಟ್ಟು ಕಳಿಸಿದರು. ಅಂಗಡಿ ತೆರೆದ ಮೇಲೆ ಫ್ರೀಜರಿನಲ್ಲಿಟ್ಟ ಅದೇ ಪೊಟ್ಟಣದ ಇನ್ನೊಂದು ವಾಷರ್ ಮರುದಿನ ಬೆರಳ ನಡುವೆ ಪಟ್ಟನೆ ಮುರಿಯಿತು. ಫೋನು ಮಾಡಿದರೆ ಅತ್ತ ಸಿಗ್ನಲ್ ಇಲ್ಲ.

ತಾನೇ ಹೋಗಿ ಬದಲಿಸಿ ಬರುತ್ತೇನೆ ಎಂದಾಗ ಗಂಡ ಬೇಡವೆಂದರು, ಉಸಿರಾಟದ ತೊಂದರೆ ನೆನಪಿಸಿದರು. ಅಕ್ಕ ಫ್ರೀಜರಿನ ಪರೀಕ್ಷೆ ಗೆದ್ದಿದ್ದ ಹಳೆಯ ಪೊಟ್ಟಣದ ವಾಷರ್‌ಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತರಕಾರಿ ಲಾರಿ ಹತ್ತಿದರು. ರಸ್ತೆ ಮುಗಿದಲ್ಲಿ ಜೀಪು ಖಾಲಿ ನಿಂತಿತ್ತು. ಹುಡುಗಿಯರು ಎರಡು ದಿನ ಇಲ್ಲೇ ತಂಗಿ ಬೆಳಿಗ್ಗೆಯಷ್ಟೇ ಮೇಲಕ್ಕೆ ಹೋದರು ಎಂದ ಚಾಲಕ, ಹಳ್ಳದ ಪಕ್ಕದ ದಾರಿ ತೋರಿಸಿದ. ಊರಿನ ದಿಬ್ಬಕ್ಕೂ ಏದುಸಿರು ಬಿಡುವ ಹೆಂಗಸು ಕಲ್ಲಿನಿಂದ ಕಲ್ಲಿಗೆ ಕೈಯೂರಿ ಹತ್ತತೊಡಗಿದರು. ಟೆಂಟಿನೊಳಗೆ ಎಣ್ಣೆ ಸೋರಿ ಬೆಂಕಿ ಹತ್ತಿಬಿಟ್ಟರೆ? ಸುಸ್ತಾಗಿ ನಿಂತಾಗಲೆಲ್ಲ ಅದೇ ಯೋಚನೆ ಮುಂದಕ್ಕೆ ನೂಕುತ್ತಿತ್ತು.

ಟೆಂಟು ಕಾಣುವ ಮೊದಲೇ ಭುಸ್ಸೆನ್ನುವ ಸದ್ದು ಕೇಳಿತು. ಬಂಡೆಯ ಮರೆಯಲ್ಲಿ ಸಾರು ಕುದಿಯುತ್ತಿತ್ತು.

"ಆರಿಸಮ್ಮ ಅದನ್ನ" ಎಂದವರೇ ಅಕ್ಕ ನೆಲಕ್ಕೆ ಕುಸಿದರು.

ಚೆನ್ನಾಗೇ ಉರಿಯುತ್ತಿದೆಯಲ್ಲ ಎಂದಳು ದೊಡ್ಡವಳು, ಅಚ್ಚರಿಯಿಂದ.

"ಇಲ್ಲಿ ಉರಿಯುತ್ತೆ. ಮೇಲೆ ಚಳಿಗೆ ವಾಷರ್ ಸೀಳುತ್ತೆ. ತಪ್ಪು ನಂದೇ."

ಸ್ಕ್ರೂ ಬಿಚ್ಚಲು ಚಿಕ್ಕವಳು ನೆರವಾದಳು. ವಾಷರ್ ಬದಲಾಯಿತು. ಸಾರು ಮತ್ತೆ ಕುದಿಯಿತು, ಅಕ್ಕನಿಗೂ ಒಂದು ಲೋಟ ಸಿಕ್ಕಿತು.

ಅಕ್ಕತಂಗಿಯರು ಇಳಿದು ಬರುವವರೆಗಿನ ದಿನಗಳನ್ನು ನೆನೆದರೆ ಅಕ್ಕನಿಗೆ ಈಗಲೂ ಊಟ ಸೇರುವುದಿಲ್ಲ. ಓಣಿಯಲ್ಲಿ ಯಾರ ಫೋನು ಬಡಿದುಕೊಂಡರೂ ಎದ್ದು ಬಾಗಿಲಿಗೆ ಬರುತ್ತಿದ್ದರಂತೆ.

ಅಕ್ಕತಂಗಿಯರು ಮೊನ್ನೆ ಬಂದರು. ಹಿಮದ ಬಿಸಿಲಿಗೆ ಮೂಗು, ಕೆನ್ನೆ ಸುಟ್ಟು ಕಪ್ಪಾಗಿದ್ದವು. ತುದಿ ಮುಟ್ಟಲಾಗಲಿಲ್ಲವಂತೆ. ಬಿರುಗಾಳಿಗೆ ಸಿಕ್ಕಿ ಟೆಂಟಿನೊಳಗೇ ದಿನಗಟ್ಟಲೆ ಮುದುಡಿ ಕೂತಿದ್ದರು, ಹೊತ್ತು ಹೊತ್ತಿಗೆ ಬಿಸಿನೀರು ಕುಡಿಯುತ್ತ. ಸ್ಟೌ ಒಮ್ಮೆಯೂ ಸೋರಲಿಲ್ಲ. ಮುಂದಿನ ವರ್ಷ ಮತ್ತೆ ಅದೇ ಶಿಖರ, ಎಂದಳು ಚಿಕ್ಕವಳು.

ಅಕ್ಕ ಮಸಿ ಹಿಡಿದ ಸ್ಟೌ ಎತ್ತಿಕೊಂಡು ಒರೆಸುತ್ತ ಹೇಳಿದರು: "ಹೋಗಿ, ಬೇಡ ಅನ್ನಲ್ಲ. ಆದ್ರೆ ಸ್ಟೌ ಮಾತ್ರ ಒಂದು ವಾರ ಮುಂಚೇನೇ ತಂದ್ಕೊಡಿ. ನಂಗೆ ಇನ್ನೊಂದ್ಸಲ ಬೆಟ್ಟ ಹತ್ತೋಕಾಗಲ್ಲ."