ರವಿವಾರ ರಾತ್ರಿಯ ರೊಟ್ಟಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಶಾಲೆ ಕಲಿತದ್ದು ಮೀಸೆ ಬಂದ ಮೇಲೆ, ಮುಂಬಯಿಯ ರಾತ್ರಿ ಶಾಲೆಯಲ್ಲಿ. ಇವತ್ತಿಗೂ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತೇನೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬರೆಯಲು ಕೂತದ್ದೂ ಹೊಟ್ಟೆಯ ವಿಷಯವನ್ನೇ.

ಐವತ್ತರ ದಶಕದ ಮಾತು. ವಿಜಾಪುರ ಕಡೆಯ ಸಣ್ಣ ಊರಿನಿಂದ ಬಂದ ನಾನು ಆಂಟಾಪ್ ಹಿಲ್ ಹತ್ತಿರದ ಚಾಳಿನ ಒಂದು ಕೋಣೆಯಲ್ಲಿ ಊರಿನ ಗೆಳೆಯನೊಬ್ಬನ ಜೊತೆ ಇದ್ದೆ. ಶಿವಡಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ. ಏಣಿ ಹತ್ತಿ ಮೇಲಿನ ಪೆಟ್ಟಿಗೆಗಳನ್ನು ಇಳಿಸಿ ಕೊಡಬೇಕು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಊರಲ್ಲಿ ನನ್ನ ಮದುವೆಯ ಮಾತು ನಡೆದಿತ್ತು, ಹೆಣ್ಣಿನ ತಂದೆ ಕಾಯಂ ಆಗಲೆಂದೇ ಕಾಯುತ್ತಿದ್ದರು.

ಕಾಯಂ ಮಾಡುವ ಮೊದಲು ಕಾರ್ಖಾನೆಯ ಡಾಕ್ಟರು ನೋಡಿ ಒಪ್ಪಬೇಕು. ಅವರು ವಯಸ್ಸಾದ ಪಾರ್ಸಿ. ನನ್ನನ್ನು ಏಣಿ ಹತ್ತಿಸಿ ಇಳಿಸಿ, ನನ್ನ ಏದುಸಿರು ಕೇಳಿ ತಲೆಯಾಡಿಸಿದರು. ಮಳೆಗಾಲ ಮುಗಿಯುವುದರೊಳಗೆ ತೂಕ ಇಳಿಯಬೇಕು, ಇಲ್ಲದಿದ್ದರೆ ತಾವು ಸಹಿ ಹಾಕುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದರು.

ನನ್ನ ಹೊಟ್ಟೆ ಬೆಳೆದದ್ದು ಖಾನಾವಳಿಯಲ್ಲಿ. ನಡೆಸುತ್ತಿದ್ದವರು ಧಾರವಾಡ ಕಡೆಯ ವಿಧವೆ. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ದಿನಕ್ಕೆರಡು ಊಟ. ಬಿಸಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬೇಕಾದಷ್ಟು. ರವಿವಾರ ಮಧ್ಯಾಹ್ನ ಹೋಳಿಗೆ, ತುಪ್ಪ. ರವಿವಾರ ರಾತ್ರಿ ಮಾತ್ರ ಒಲೆಗೆ ರಜೆ. ಹಾಗಾಗಿ ರಾತ್ರಿಯದನ್ನೂ ಮಧ್ಯಾಹ್ನವೇ ಉಂಡು ಮುಗಿಸುವುದು ನಮ್ಮ ಪಂಕ್ತಿಯ ರೂಢಿ.

ತೂಕ ಇಳಿಸಲು ನಾನು ರಾತ್ರಿ ಊಟ ಬಿಟ್ಟೆ. ಒಂದು ಕಪ್ ಚಹಾ ಕುಡಿದು ಶಾಲೆಗೆ ಹೋಗುತ್ತಿದ್ದೆ. ಬೋರ್ಡಿನ ಮೇಲಿನ ಸೊನ್ನೆಗಳೆಲ್ಲ ರೊಟ್ಟಿಯಂತೆ ಕಾಣುತ್ತಿದ್ದವು. ರವಿವಾರ ಬಂತೆಂದರೆ, ಬಿಟ್ಟ ಊಟಗಳೆಲ್ಲ ನನಗೆ ಬರಬೇಕಾದವು ಎಂಬಂತೆ ಕೂತು ಹೋಳಿಗೆ ಹೊಡೆಯುತ್ತಿದ್ದೆ. ವಾರಪೂರ್ತಿ ಉಪವಾಸವಿದ್ದೇನಲ್ಲ, ಒಂದು ಹೊತ್ತು ಉಂಡರೆ ಏನಾದೀತು ಎಂಬ ಧೈರ್ಯ.

ಅಕ್ಕಾರು ಒಂದು ರವಿವಾರ ಹೋಳಿಗೆ ಬಡಿಸುತ್ತಾ ನಿಂತೇಬಿಟ್ಟರು.

"ಯಾಕೋ ತಮ್ಮಾ, ರಾತ್ರಿ ಮಾರೀನ ತೋರಸವಲ್ಲಿ? ಯಾವ ಉಡುಪಿ ಹೋಟೆಲಿನ ಇಡ್ಲಿಗೆ ಬಿದ್ದೀ?"

"ಇಲ್ರೀ ಅಕ್ಕಾರ, ರಾತ್ರಿ ಹಸಿವಿ ಆಗೂದಿಲ್ರೀ."

"ಹಸಿವಿ ಇಲ್ಲದಾಂವ ಹಿಂಗ ಹೋಳಿಗಿ ಬಾರಸ್ತಾನೇನು?"

ನನ್ನ ಗೆಳೆಯ ಪಕ್ಕದಿಂದ ಬಾಯಿ ಹಾಕಿದ: "ಇಂವ ಮರುಭೂಮಿ ಒಂಟೆ ಇದ್ದಂಗ್ರೀ ಅಕ್ಕಾರ. ಒಮ್ಮೆ ತುಂಬಿಸ್ಕೊಂಡ್ರ ವಾರಗಟ್ಲೆ ನಡೀತಾನ."

ಪಂಕ್ತಿಯೆಲ್ಲ ನಕ್ಕಿತು. ಅಕ್ಕಾರು ನಗಲಿಲ್ಲ. "ನಗಬ್ಯಾಡ್ರಿ. ನನ್ನ ಖಾನಾವಳಿ ಊಟಾ ಉಂಡು ಹುಡುಗ ಸೊರಗಿದಾ ಅಂದ್ರ ಮಂದಿ ಯಾರನ್ನ ಬೈತಾರ? ನನ್ನ!" ಎಂದು ಇನ್ನೊಂದು ಚಮಚೆ ತುಪ್ಪ ಸುರಿದು ಹೋದರು. ಸೊರಗುವುದೆಲ್ಲಿ ಬಂತು? ಸ್ಟೇಶನ್ನಿನ ತೂಕದ ಯಂತ್ರಕ್ಕೆ ನಾಣ್ಯ ಹಾಕಿದರೆ ಬೀಳುವ ಚೀಟಿಯ ಒಂದು ಬದಿಗೆ ನಿಮ್ಮ ಕಷ್ಟಗಳು ಹಗುರಾಗಲಿವೆ ಎಂಬ ಭವಿಷ್ಯ, ಇನ್ನೊಂದು ಬದಿಗೆ ಅದೇ ಹಳೆಯ ತೂಕ.

ಹೆದರಿಕೊಂಡು ಡಾಕ್ಟರ ಬಳಿ ಹೋದೆ. ರಾತ್ರಿ ಊಟವನ್ನೇ ಮಾಡುವುದಿಲ್ಲ ಸಾಹೇಬ್, ಆದರೂ ಇಳಿಯುತ್ತಿಲ್ಲ ಎಂದೆ.

"ಅರೇ ಬಾಬಾ, ಏಕ್ ರಾತ್ ಕಾ ನಹೀ, ಪೂರೇ ಹಫ್ತೇ ಕಾ ಬತಾವ್," ಎಂದರು.

ಸೋಮವಾರದಿಂದ ಹಿಡಿದು ಇಡೀ ವಾರದ ಊಟ ಹೇಳುತ್ತಾ ಬಂದೆ. ರವಿವಾರಕ್ಕೆ ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕ್ಯಾಲರಿ ಎಂಬ ಶಬ್ದವನ್ನು ನಾನು ಕೇಳಿದ್ದು ಅವತ್ತೇ ಮೊದಲು. ಊಟದಲ್ಲಿರುವ ಶಕ್ತಿಯ ಅಳತೆ ಅದು, ರಾತ್ರಿಗಳಲ್ಲಿ ನೀನು ಉಳಿಸಿದ್ದೆಲ್ಲ ಒಂದೇ ಮಧ್ಯಾಹ್ನ ವಾಪಸ್ ಒಳಗೆ ಹೋಗುತ್ತಿದೆ, ಹಸಿದುಕೊಂಡಿದ್ದವನ ಕೈಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ ಎಂದರು. ದಿನಾ ಉಣ್ಣು, ದಿನಾ ಸ್ವಲ್ಪ ಕಡಿಮೆ ಉಣ್ಣು, ರವಿವಾರವೂ ಒಂದು ದಿನವೇ ಎಂದು ಕಳಿಸಿಕೊಟ್ಟರು.

ಅವತ್ತು ಸಂಜೆ ಅಕ್ಕಾರ ಒಲೆಯ ಮುಂದೆ ಕೂತು ಡಾಕ್ಟರು, ನೌಕರಿ, ಮದುವೆ, ಎಲ್ಲ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಇಷ್ಟ ದಿನಾ ಬಾಯಾಗ ಕಡಬು ಇಟ್ಕೊಂಡಿದ್ದಿಯೇನು? ಮೊದಲ ಹೇಳಬಾರದಾ?"

"ನೀವು ಬ್ಯಾಸರಾ ಮಾಡ್ಕೋತೀರಿ ಅಂತ..."

"ಈಗೇನು ಖುಷಿ ಆಗೇತೇನು ನನಗ? ಕೈ ತೊಳಕೋ. ಎರಡ ರೊಟ್ಟಿ ಉಂಡು ಸಾಲಿಗೆ ಹೋಗು. ಮೂರನೇದ್ದು ಕೇಳಿದ್ರ ಲಟ್ಟಣಗಿ ತೊಗೋತೀನಿ."

ಆ ರವಿವಾರ ಅವರು ನನ್ನ ತಾಟಿಗೆ ಒಂದೇ ಹೋಳಿಗೆ ಹಾಕಿದರು. ನಾನು ಮುಖ ಸಣ್ಣದು ಮಾಡಿದ್ದನ್ನು ನೋಡಿ, ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ, ಹಿಂಡಿ ಪಕ್ಕಕ್ಕಿಟ್ಟರು. "ರಾತ್ರಿಗೆ. ಇನ್ನ ಎರಡ ಊಟಾ ಒಮ್ಮೆ ತುಂಬೂದು ಬ್ಯಾಡ." ರಾತ್ರಿಗೆ ಊಟ ಇದೆ ಎಂದು ಗೊತ್ತಿದ್ದರೆ ಮಧ್ಯಾಹ್ನ ಒಂದು ಹೋಳಿಗೆಗೇ ಎದ್ದು ಬರಬಹುದು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ತೂಕ ನಿಧಾನವಾಗಿ ಇಳಿಯಿತು. ನಡುವೆ ಕೆಲವು ವಾರ ಅಲುಗಾಡದೆ ನಿಂತೇಬಿಟ್ಟಿತು. ಮತ್ತೆ ರಾತ್ರಿ ಊಟ ಬಿಡಲೇ ಎಂದು ಡಾಕ್ಟರನ್ನು ಕೇಳಿದೆ. ಮೈ ಹಗುರಾದಂತೆ ಅದಕ್ಕೆ ಬೇಕಾಗುವುದೂ ಕಡಿಮೆಯಾಗುತ್ತದೆ, ಊಟ ಬಿಡಬೇಡ, ಸ್ಟೇಶನ್ನಿಗೆ ಬಸ್ಸು ಬಿಟ್ಟು ನಡೆದು ಹೋಗು ಎಂದರು. ಕೊಡೆ ಹಿಡಿದು ಮಳೆಯಲ್ಲೇ ದಿನಾ ವಡಾಳ ಸ್ಟೇಶನ್ನಿಗೆ ನಡೆದೆ. ಮತ್ತೆ ಇಳಿಯತೊಡಗಿತು.

ಮಳೆ ಮುಗಿದ ಮೇಲೆ ಡಾಕ್ಟರು ಏಣಿ ಹತ್ತಿಸಿದರು. ಈ ಸಲ ಮೇಲಿನ ಮೆಟ್ಟಿಲಲ್ಲಿ ನಿಂತೇ ಮಾತಾಡಿದೆ. ಅವರು ಸಹಿ ಹಾಕಿದರು.

ಸುದ್ದಿ ಹೇಳಿದ ರವಿವಾರ ಅಕ್ಕಾರು ಇಡೀ ಪಂಕ್ತಿಗೆ ಕೇಳುವಂತೆ ಸಾರಿದರು: "ನೋಡ್ರೆಪಾ, ನನ್ನ ಊಟಾ ಉಂಡು ಇಂವನ ನೌಕರಿ ಕಾಯಂ ಆತು!" ನಾನು ಅದೇ ಸಂದು ನೋಡಿ ಎರಡನೆಯ ಹೋಳಿಗೆಗೆ ಕೈ ಚಾಚಿದೆ. ಅವರು ಬುಟ್ಟಿಯನ್ನೇ ಹಿಂದಕ್ಕೆ ಎಳೆದುಕೊಂಡರು.

"ನೌಕರಿ ಕಾಯಂ ಆಗೇತಿ ತಮ್ಮಾ, ಹೊಟ್ಟಿ ಕಾಯಂ ಮಾಡ್ಕೋಬ್ಯಾಡ. ಹೆಂಡ್ತಿ ಬರೂತನಕಾ ಒಂದ ಹೋಳಿಗಿ."

ರಾತ್ರಿಯ ರೊಟ್ಟಿ ಕಟ್ಟಿದ ಬಟ್ಟೆಯ ಗಂಟು ಹಿಡಿದು ಹಗುರವಾಗಿ ಎದ್ದು ಬಂದೆ. ನಿಮ್ಮಲ್ಲಿ ಯಾರಾದರೂ ಖಾನಾವಳಿಯಲ್ಲಿ ಹೀಗೆ ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಉಂಡವರಿದ್ದೀರಾ? ಉಪವಾಸ ಮಾಡಿ ಮೈ ಬೆಳೆಸಿಕೊಂಡವರು? ಮತ್ತೆ ಹೇಗೆ ಇಳಿಸಿದಿರಿ, ಯಾರು ನಿಮ್ಮ ಮುಂದಿನ ಬುಟ್ಟಿ ಎಳೆದುಕೊಂಡರು, ಬರೆದು ತಿಳಿಸಿ. ನಿಮ್ಮ ಅಕ್ಷರದ ತಪ್ಪುಗಳನ್ನು ನಾನೂ ನೋಡುವುದಿಲ್ಲ.