ಮಂಜುಳಾ ಮನಸ್ಸಿನಲ್ಲೇ ಓದಿದ್ದು

ನನ್ನ ಕೈಚೀಲದಲ್ಲಿ ವಾಹನ ಕಲಿಯುವವರಿಗೆ ಕೊಡುವ ಲೈಸೆನ್ಸ್ ಒಂದಿದೆ. ವಾಹನವಿಲ್ಲ. ಕಲಿಯುವ ಆಸೆಯೂ ಇರಲಿಲ್ಲ. ಅರವತ್ತು ದಾಟಿದ, ಮಂಡಿ ಹಿಡಿದುಕೊಂಡು ಸಿಟಿ ಬಸ್ ಹತ್ತುವ ನಿವೃತ್ತ ಶಿಕ್ಷಕಿಗೆ ಸರ್ಕಾರ ಇಷ್ಟು ಸಲೀಸಾಗಿ ಅದನ್ನು ಕೊಟ್ಟಿತಲ್ಲ ಎಂದು ಇವತ್ತಿಗೂ ಸ್ವಲ್ಪ ಗಾಬರಿಯಾಗುತ್ತದೆ. ನಾನು ಆ ಪರೀಕ್ಷೆ ಬರೆದದ್ದು ಬರೀ ಜೊತೆಗಾಗಿ. ಮದುವೆ ಮನೆಗೆ, ಆಸ್ಪತ್ರೆಗೆ ಜೊತೆ ಹೋಗುವ ಹಾಗೆ ಪರೀಕ್ಷೆಗೂ ಜೊತೆ ಹೋಗಬಹುದು ಎಂದು ನನಗೆ ತೋರಿಸಿಕೊಟ್ಟವಳು ನನ್ನ ನಾದಿನಿ ಮಂಜುಳಾ.

ಮಂಜುಳಾ ನನ್ನ ಗಂಡನ ಕೊನೆಯ ತಂಗಿ. ಹುಟ್ಟಿದ್ದು ಶಾಮನೂರಿನಲ್ಲಿ, ಕೊಟ್ಟಿದ್ದು ಹರಿಹರದ ಆಚೆ ಹೊಳೆದಂಡೆಯ ಒಂದು ಹಳ್ಳಿಗೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ತವರಿನ ಹೊಲದಲ್ಲಿ ಅಣ್ಣಂದಿರ ಕಣ್ಣು ತಪ್ಪಿಸಿ ಟ್ರ್ಯಾಕ್ಟರ್ ಓಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಈಗ ಅವಳ ಊರಿನ ಪಂಚಾಯಿತಿಗೆ ಕಸ ಒಯ್ಯುವ ಹೊಸ ಗಾಡಿ ಬಂದಿತ್ತು. ಅದನ್ನು ಮಹಿಳಾ ಸಂಘದವರೇ ಓಡಿಸಬೇಕು ಎಂಬ ಮಾತಿತ್ತು. ಆದರೆ ಸಂಘದಲ್ಲಿ ಯಾರ ಬಳಿಯೂ ಲೈಸೆನ್ಸ್ ಇಲ್ಲದ್ದರಿಂದ ಗಾಡಿ ತಾಡಪಾಲು ಹೊದ್ದು ಪಂಚಾಯಿತಿ ಕಟ್ಟೆಯ ಪಕ್ಕ ನಿಂತೇ ಇತ್ತು. ದೀಪಾವಳಿಯೊಳಗೆ ಯಾರಾದರೂ ಲೈಸೆನ್ಸ್ ತಂದರೆ ಸರಿ, ಇಲ್ಲದಿದ್ದರೆ ಹೊರಗಿನಿಂದ ಒಬ್ಬ ಡ್ರೈವರನನ್ನು ನೋಡುವುದೇ ಎಂದು ಪಂಚಾಯಿತಿಯವರು ಹೇಳಿಬಿಟ್ಟರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ, ಊರಿನ ಕಸ ಕಾಯುತ್ತ ಕೂರುವುದಿಲ್ಲವಲ್ಲ. ಸಂಘದ ಹೆಂಗಸರೆಲ್ಲ ಮಂಜುಳಾ ಕಡೆ ನೋಡಿದರು. ಮಂಜುಳಾ ಬಸ್ ಹತ್ತಿ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಂದು ನನ್ನ ಕಡೆ ನೋಡಿದಳು.

ಗಾಡಿ ಓಡಿಸುವುದಕ್ಕೆ ಅವಳಿಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಮೊದಲಿಗೆ ಬರುವ ಕಂಪ್ಯೂಟರ್ ಪರೀಕ್ಷೆಗೆ. ಪರದೆಯ ಮೇಲೆ ಒಂದು ಪ್ರಶ್ನೆ, ಕೆಳಗೆ ಮೂರು ಉತ್ತರ, ಪಕ್ಕದಲ್ಲಿ ಇಳಿಯುತ್ತ ಹೋಗುವ ಗಡಿಯಾರ. “ಅತ್ತಿಗೆ, ನೀವೂ ಬರ್ರಿ, ಪಕ್ಕದಾಗ ಕುಂತ್ರೆ ಧೈರ್ಯ” ಎಂದಳು. ನಿವೃತ್ತಿಯಾದ ಮೇಲೆ ನನಗೆ ಕೂತಲ್ಲಿ ಕೂರಲಾಗದ ಕಾಯಿಲೆ ಹತ್ತಿತ್ತು. ತೊಳೆದ ಪಾತ್ರೆ ಮತ್ತೆ ತೊಳೆಯುವುದು, ಮಡಿಸಿದ ಸೀರೆ ಮತ್ತೆ ಮಡಿಸುವುದು, ಬಾರದ ಪೋಸ್ಟ್‌ಮ್ಯಾನ್‌ಗಾಗಿ ಗೇಟಿನವರೆಗೆ ಹೋಗಿ ಬರುವುದು. ಇಂಥವಳಿಗೆ ಪರೀಕ್ಷೆ ಎಂಬ ಶಬ್ದವೇ ಟಾನಿಕ್ಕು. ಒಪ್ಪಿಕೊಂಡೆ.

ಪ್ರಶ್ನೆಗಳ ಪುಸ್ತಕ ತಂದು ಪಾಠ ಶುರುಮಾಡಿದೆವು. ಕಿರಿದಾದ ಸೇತುವೆಯ ಆ ತುದಿಯಿಂದ ಇನ್ನೊಂದು ವಾಹನ ಬರುತ್ತಿದ್ದರೆ ಏನು ಮಾಡಬೇಕು? ಅದು ದಾಟುವ ತನಕ ಕಾಯಬೇಕು. ಹರಿಹರದ ಹಳೇ ಸೇತುವೆಯ ಮೇಲೆ ಯಾರು ಯಾರಿಗೆ ಕಾದಿದ್ದಾರೆ ಎಂದು ಮಂಜುಳಾ ನಕ್ಕಳು. ಆದರೂ ಉತ್ತರ ನೆನಪಿಟ್ಟುಕೊಂಡಳು. ಒಲೆಯ ಮುಂದೆ ರೊಟ್ಟಿ ತಟ್ಟುತ್ತ, ಅಂಗಳ ಗುಡಿಸುತ್ತ ಗಟ್ಟಿಯಾಗಿ ಓದಿ ಓದಿ, ಪಕ್ಕದ ಮನೆಯವರಿಗೂ ರಸ್ತೆ ನಿಯಮಗಳು ಬಾಯಿಪಾಠವಾಗುವಷ್ಟು ತಯಾರಾದಳು. ಯಾವ ಪ್ರಶ್ನೆ ಎಲ್ಲಿಂದ ಕೇಳಿದರೂ ಉತ್ತರ ಸಿದ್ಧವಿತ್ತು. ಇವಳು ಪಾಸಾಗದಿದ್ದರೆ ಇನ್ಯಾರು ಎಂದುಕೊಂಡು ನಾನು ನಿಶ್ಚಿಂತೆಯಿಂದ ಇದ್ದೆ. ನಿಶ್ಚಿಂತೆ ನನಗೆ ಒಗ್ಗುವುದಿಲ್ಲ ಎಂದು ಆಗಲೇ ಅನುಮಾನ ಬರಬೇಕಿತ್ತು.

ಪರೀಕ್ಷೆಯ ದಿನ ಸಾರಿಗೆ ಕಚೇರಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕದ ಕಂಪ್ಯೂಟರುಗಳ ಮುಂದೆ ಕೂರಿಸಿದರು. ಮೊದಲ ಪ್ರಶ್ನೆ ಬಂದ ಕೂಡಲೇ ಮಂಜುಳಾ ಮನೆಯಲ್ಲಿ ಓದುವ ಹಾಗೆಯೇ ಸ್ಪಷ್ಟವಾಗಿ ಓದತೊಡಗಿದಳು. ಅಲ್ಲಿದ್ದ ಸಿಬ್ಬಂದಿ ಹತ್ತಿರ ಬಂದು, ಬೇರೆಯವರಿಗೆ ತೊಂದರೆಯಾಗುತ್ತದೆ, ಮನಸ್ಸಿನಲ್ಲೇ ಓದಿಕೊಳ್ಳಿ ಅಮ್ಮ ಎಂದು ಮೆಲ್ಲಗೆ ಹೇಳಿದರು. ಆಕೆ ಬಾಯಿ ಮುಚ್ಚಿದಳು. ಅಲ್ಲಿಗೆ ಎಲ್ಲವೂ ಮುಚ್ಚಿತು. ಓರೆಗಣ್ಣಿನಲ್ಲಿ ನೋಡಿದೆ: ಪರದೆಯ ಮೇಲೆ ಪ್ರಶ್ನೆ ಬಂದು ನಿಲ್ಲುತ್ತಿತ್ತು, ಗಡಿಯಾರ ಇಳಿಯುತ್ತಿತ್ತು, ಪ್ರಶ್ನೆ ಹೋಗುತ್ತಿತ್ತು. ಅವಳ ಬೆರಳು ಮೇಜಿನ ಅಂಚನ್ನು ಬಿಟ್ಟು ಮೇಲೇಳಲಿಲ್ಲ.

ನಾನು ಪಾಸಾದೆ. ಆ ಹೊತ್ತಿನಲ್ಲಿ ನನ್ನ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಬೇಕಾದವಳಿಗೆ ಸಿಗದೆ ಬೇಡದವಳಿಗೆ ಸಿಕ್ಕಿದ್ದನ್ನು ಕೈಚೀಲದ ತಳಕ್ಕೆ ತುರುಕಿದೆ. ಹೊರಗೆ ಬೇವಿನ ಮರದ ಕೆಳಗೆ ಕೂತು ಮಂಜುಳಾ ಹೇಳಿದಳು: “ಬಾಯಿ ಮುಚ್ಚಿದ್ರೆ ಅಕ್ಷರ ಕಾಣ್ತಾವೆ ಅತ್ತಿಗೆ, ಕೇಳ್ಸಲ್ಲ.”

ಈ ಮಾತು ನನ್ನನ್ನು ಎರಡು ದಿನ ಅಡ್ಡಾಡಿಸಿತು. ಯೋಚಿಸಿದರೆ ಅವಳದೇನೂ ವಿಚಿತ್ರವಲ್ಲ. ನಮ್ಮ ಹಿರಿಯರು ಓದಿದ್ದೆಲ್ಲ ಗಟ್ಟಿಯಾಗಿಯೇ. ಪುರಾಣ ಓದಿದರೆ ಓಣಿಗೆಲ್ಲ ಕೇಳಬೇಕು, ಕಾಗದ ಬಂದರೆ ಮನೆಗೆಲ್ಲ ಕೇಳಬೇಕು. ಗಮಕಿ ಬಾಯಿ ಬಿಡದೆ ಕಾವ್ಯ ಓದಿದರೆ ಜನ ಎದ್ದು ಹೋಗುತ್ತಿದ್ದರು. ತುಟಿ ಅಲುಗಿಸದೆ ಒಬ್ಬರೇ ಓದಿಕೊಳ್ಳುವುದು ಈಚಿನ ಚಟ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಬಂದ ಮೇಲೆ ಬಂದದ್ದಿರಬೇಕು ಎಂದು ನನ್ನ ಊಹೆ. ನಾನೂ ಕೆಲಸದಲ್ಲಿದ್ದಷ್ಟು ವರ್ಷ ಮಕ್ಕಳಿಗೆ “ಬಾಯಿ ಬಿಟ್ಟು ಓದಿ” ಎಂದೇ ಕೂಗಿದವಳು. ಬಾಯಿ ಮುಚ್ಚಿ ಓದಿಸುವುದು ಹೇಗೆ ಎಂದು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಮುಂದಿನ ಪರೀಕ್ಷೆಗೆ ಒಂದು ವಾರವಿತ್ತು. ದೀಪಾವಳಿ ಹತ್ತಿರವಾಗುತ್ತಿತ್ತು, ಇದು ಮುಗಿದು ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಮತ್ತೊಂದು ತಿಂಗಳು ಕಾಯಬೇಕು. ಈ ಸಲವೂ ಹೋದರೆ ಗಾಡಿ ಹೋದಂತೆಯೇ. ಮಂಜುಳಾ ಗಂಡನಿಗೆ ಹೇಳಿ ಆ ವಾರ ನಮ್ಮಲ್ಲೇ ಉಳಿದಳು. ಮೊದಲು ಅವಳ ತುಟಿಯ ಮೇಲೆ ಬೆರಳಿಡಿಸಿ ಓದಿಸಿದೆ. ಬೆರಳಿನ ಹಿಂದೆಯೇ ಪಿಸುಗುಟ್ಟಿದಳು. ಹಲ್ಲು ಕಚ್ಚಿಸಿ ಓದಿಸಿದೆ, ಗಂಟಲಿನಲ್ಲಿ ಗುನುಗಿದಳು. ಕೊನೆಗೆ ಚೊಂಬು ತಂದು, ಬಾಯಿ ತುಂಬ ನೀರು ತುಂಬಿಕೊ, ನುಂಗಬೇಡ, ಉಗುಳಬೇಡ, ಓದು ಎಂದೆ. ಮೊದಲ ಪ್ರಶ್ನೆಗೇ ನಗು ಬಂದು ನೀರೆಲ್ಲ ನನ್ನ ಸೀರೆಯ ಮೇಲೆ. ನನ್ನ ಯಜಮಾನರು ಇಣುಕಿ ನೋಡಿ, ಇದು ಲೈಸೆನ್ಸಿಗೋ ಹಲ್ಲುನೋವಿಗೋ ಎಂದು ಕೇಳಿ ಹೋದರು.

ಆದರೆ ನಾಲ್ಕನೆಯ ದಿನಕ್ಕೆ ಒಂದು ಪ್ರಶ್ನೆ ಬಾಯಿಯ ನೀರನ್ನು ದಾಟಿ ಒಳಗೆ ಹೋಯಿತು. ಓದಿ ಮುಗಿಸಿದವಳು ಬೆಚ್ಚಿದವಳ ಹಾಗೆ ನನ್ನ ಕಡೆ ತಿರುಗಿದಳು. ನೀರು ನುಂಗಿ, “ಕೇಳಿಸ್ತು” ಎಂದಳು. ಯಾರ ಧ್ವನಿಯಲ್ಲಿ ಕೇಳಿಸಿತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ನಂದೇ ಎಂದಳು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಬಟ್ಟೆ ತರಲೆಂದು ಊರಿಗೆ ಹೊರಟಾಗ ನಾನೂ ಹರಿಹರದವರೆಗೆ ಹೋದೆ. ದಾರಿಯುದ್ದಕ್ಕೂ ಅಂಗಡಿ ಬೋರ್ಡು, ಮೈಲಿಗಲ್ಲು, ಲಾರಿಗಳ ಬೆನ್ನು, ಎಲ್ಲವನ್ನೂ ಬಾಯಿ ಮುಚ್ಚಿ ಓದಿ, ಓದಿ ಮುಗಿದ ಕೂಡಲೇ ನನ್ನ ಕೈ ಒತ್ತಬೇಕು ಎಂಬುದು ಒಪ್ಪಂದ. ಟಿಕೆಟ್ ಕೊಡುವವನು ಎಲ್ಲಿಗೆ ಎಂದರೂ ಆಕೆ ಬಾಯಿ ಬಿಡಲಿಲ್ಲ. ಎದುರು ಸೀಟಿನ ಅಜ್ಜ ನೋಡಿ ನೋಡಿ, “ಪಾಪ, ಹುಟ್ಟಿದಾಗಿಂದ್ಲೂ ಮಾತು ಬರಲ್ಲೇನವ್ವ?” ಎಂದು ನನ್ನನ್ನು ಕೇಳಿದ. ಆಗ ನನ್ನ ಕೈಗೆ ಬಿದ್ದ ಒತ್ತಿನ ನೋವು ಮರುದಿನವೂ ಇತ್ತು.

ಎರಡನೆಯ ಸಲ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಗಾಜಿನ ಆಚೆ ನಿಂತೆ. ನಿಂತೆ ಎಂದರೆ ಸುಳ್ಳಾಗುತ್ತದೆ. ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ತಿರುಗುತ್ತಲೇ ಇದ್ದೆ. ಕಾವಲಿನವನು ಕುರ್ಚಿ ಕೊಟ್ಟ, ಅದರ ಮೇಲೆ ಕೈಚೀಲ ಕೂತಿತು. ಒಳಗೆ ಹೋಗುವ ಮುನ್ನ ಮಂಜುಳಾ ಬಾಟಲಿಯಿಂದ ಬಾಯಿ ತುಂಬ ನೀರು ತುಂಬಿಕೊಂಡಿದ್ದಳು. ಕೆನ್ನೆ ಉಬ್ಬಿಸಿಕೊಂಡು ಗಂಭೀರವಾಗಿ ಕಂಪ್ಯೂಟರಿನ ಮುಂದೆ ಕೂತಳು. ನಮ್ಮಿಬ್ಬರಿಗೂ ಹೊಳೆಯದಿದ್ದ ಒಂದು ಸಂಗತಿ ಆಗ ನಡೆಯಿತು. ಸಿಬ್ಬಂದಿ ಬಂದು ಅವಳ ಹೆಸರು ಕೇಳಿದರು. ಅವಳು ತಲೆಯಾಡಿಸಿದಳು. ಅವರು ಇನ್ನೊಮ್ಮೆ ಕೇಳಿದರು. ಮಂಜುಳಾ ನೀರು ನುಂಗಿ ಹೆಸರು ಹೇಳಿದಳು.

ಬಾಟಲಿ ನನ್ನ ಕೈಯಲ್ಲಿತ್ತು, ನಡುವೆ ಗಾಜು. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ನಾನು ಏನು ಸನ್ನೆ ಮಾಡಬೇಕೋ ತಿಳಿಯದೆ, ತುಟಿ ಒತ್ತಿ ಹಿಡಿದು ತೋರಿಸಿದೆ. ಅವಳು ಪರದೆಗೆ ತಿರುಗಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಬಲಗೈ ಮೇಜಿನ ಅಂಚಿನಿಂದ ಎದ್ದಿತು. ಮತ್ತೆ ಎದ್ದಿತು. ಅಲ್ಲಿಂದ ಮುಂದೆ ನಾನು ನೋಡಲಿಲ್ಲ, ಹೊರಗೆ ಹೋಗಿ ಬೇವಿನ ಮರ ಸುತ್ತತೊಡಗಿದೆ.

ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಹಾಳೆ ಇತ್ತು. ಏನಾಯಿತು ಎಂದೆ. ಮರದ ಕೆಳಗೆ ನಿಂತು ಆ ಹಾಳೆಯನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ತುಟಿ ಅಲುಗಿಸದೆ, ನಿಧಾನವಾಗಿ ಓದಿದಳು. ಪೂರ್ತಿ ಮುಗಿದ ಮೇಲೆ ನನ್ನ ಕೈಗೆ ಕೊಟ್ಟಳು. ಪಾಸಾಗಿದ್ದಳು.

ಗಾಡಿ ಓಡಿಸಿ ತೋರಿಸುವ ಪರೀಕ್ಷೆ ಅವಳಿಗೆ ಆಟದಂತಾಯಿತು. ದೀಪಾವಳಿಗೆ ಎರಡು ದಿನ ಮೊದಲು ಗಾಡಿಯ ಮೇಲಿನ ತಾಡಪಾಲು ಇಳಿಯಿತು. ಮೊದಮೊದಲು ಹಿಂದೆ ಓಡಿಬಂದು ನೋಡುತ್ತಿದ್ದ ಊರಿನವರು ಈಗ ಅವಳು ಬರುವುದು ತಡವಾದರೆ ಬೈಯುತ್ತಾರಂತೆ. ಕೆಲಸ ಕಾಯಂ ಆಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕಿಲ್ಲ.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಬೆಳಗಿನ ಸರದಿ ಮುಗಿಸಿ, ಸ್ನಾನ ಮಾಡಿ, ಪಡಸಾಲೆಯ ಕಂಬಕ್ಕೊರಗಿ ಪೇಪರ್ ಹಿಡಿದು ಕೂತಿದ್ದಳು. ನಾನು ಒಳಗೆ ಬಂದದ್ದೂ ಗೊತ್ತಾಗಲಿಲ್ಲ. ಅವಳ ಗಂಡ ಬಸವರಾಜ ಸೊಸೈಟಿಯ ಗೋದಾಮಿನಲ್ಲಿ ಕೆಲಸ ಮಾಡುವವನು, ಸಾಧು ಮನುಷ್ಯ. ನನ್ನನ್ನು ಕೂರಿಸಿ ದೂರು ಹೇಳಿದ. ಇಷ್ಟು ವರ್ಷ ಅವಳು ಪೇಪರ್ ಹಿಡಿದರೆ ಇವನು ದಾಡಿ ಮಾಡಿಕೊಳ್ಳುತ್ತಲೇ ಜಗತ್ತಿನ ಸುದ್ದಿಯೆಲ್ಲ ಕೇಳಿಸಿಕೊಳ್ಳುತ್ತಿದ್ದನಂತೆ. “ಈಗ ಸುಮ್ಕೆ ಓದ್ತಾಳ್ರಿ, ಒಬ್ಬಳೇ ನಗ್ತಾಳೆ. ಏನೈತೆ ಅಂತ ಕೇಳಿದ್ರೆ, ನೀವೇ ಓದ್ಕಳ್ರಿ ಅಂತಾಳೆ.”

ಮಂಜುಳಾ ಆಗಲೂ ಏನನ್ನೋ ಓದಿ ನಕ್ಕಳು. ಆಮೇಲೆ ನನ್ನನ್ನು ಕಂಡು, ಅಯ್ಯೋ ಯಾವಾಗ ಬಂದ್ರಿ ಎಂದು ಪೇಪರ್ ಬಿಟ್ಟು ಚಹಾ ಮಾಡಲು ಎದ್ದು ಹೋದಳು. ನಾನೂ ಬಸವರಾಜನೂ ಮುಖ ಮುಖ ನೋಡಿಕೊಂಡು ಆ ಪುಟದ ಮೇಲೆ ಬಗ್ಗಿದೆವು. ಮೇಲಿಂದ ಕೆಳಗಿನವರೆಗೆ ಓದಿದೆವು, ತಿರುಗಿಸಿ ಓದಿದೆವು. ನಗುವಂಥದ್ದು ನಮಗೆ ಏನೂ ಸಿಗಲಿಲ್ಲ.